ಕುಂಬಳದ ಹೂವಿನ ಹರವಿ

ಆಗಸ್ಟ್ ಮುಗಿಯುತ್ತ ಬಂದಿತ್ತು; ಅಲ್ಲಿ ಅದು ಚಳಿಗಾಲದ ಕೊನೆ. ಬೆಟ್ಟದ ನೆತ್ತಿಯ ಮೇಲೆ ಹಿಮ ಇನ್ನೂ ಅಲ್ಲಲ್ಲಿ ಹರಕು ಬಟ್ಟೆಯಂತೆ ಅಂಟಿಕೊಂಡಿತ್ತು. ಕೆಳಗೆ ಹಾ ಸೆಕೋಟಿ ಹಳ್ಳಿಯ ಮನೆಗಳ ಸುತ್ತ ಪೀಚ್ ಮರಗಳು ಎಲೆ ಬಿಡುವ ಮೊದಲೇ ಮೈತುಂಬ ಹೂ ಹೊತ್ತು ನಿಂತಿದ್ದವು. ಗಾಳಿ ಮಾತ್ರ ಬಿಡುವಿಲ್ಲದೆ ಬೀಸುತ್ತಿತ್ತು. ಉತ್ತ ಹೊಲಗಳ ದೂಳನ್ನೆತ್ತಿ ತಂದು ಹೂವಿನ ಮೇಲೂ, ಒಣಹಾಕಿದ ಸೊಪ್ಪಿನ ಮೇಲೂ, ನೀರಿನ ಬಕೆಟ್ಟಿನೊಳಕ್ಕೂ ಭೇದವಿಲ್ಲದೆ ಸುರಿಯುತ್ತಿತ್ತು.

ಅಂಗಳದ ಜೊಂಡಿನ ತಡಿಕೆಯ ಮರೆಯಲ್ಲಿ ಮಾಲೆಫಾ ಮಂಡಿಯೂರಿ ಕೂತು ಜೇಡಿಮಣ್ಣು ನಾದುತ್ತಿದ್ದಳು. ಒಡೆದ ಮಡಕೆಯ ಬೋಕಿಗಳನ್ನು ಕುಟ್ಟಿ ಮಾಡಿದ ಪುಡಿಯನ್ನು ಚಿಮುಕಿಸುವುದು, ಮಣ್ಣನ್ನು ಮಡಚುವುದು, ಅಂಗೈಯ ಬುಡದಿಂದ ಒತ್ತುವುದು, ಮತ್ತೆ ಮಡಚುವುದು. ಬೆಳಗಿನಿಂದ ಇದೇ ಕೆಲಸ. ಅವಳ ಅತ್ತೆ ಮಾಥಾಕಾನೆ ಹೊಸ್ತಿಲ ಮೇಲೆ ಕೂತಿದ್ದಳು. ಕಪ್ಪು ಅಂಗಿ, ಕಪ್ಪು ತಲೆವಸ್ತ್ರ, ಎದೆಯ ಮೇಲೆ ಪಿನ್ನು ಹಾಕಿದ ಕಪ್ಪು ಶಾಲು. ಎಲ್ಲದರ ಮೇಲೆ ತೀರಿಹೋದ ಗಂಡನ ಕಂಬಳಿ. ಎರಡೂ ಕೈ ಕಂಬಳಿಯ ಒಳಗೆ.

“ಇನ್ನೂ ಗಾಳಿ ಇದೆ ಅದರೊಳಗೆ,” ಎಂದಳು ಮಾಥಾಕಾನೆ.

“ಎಲ್ಲಿ ಅತ್ತೆ?”

“ಎಡಗಡೆ. ನಿನ್ನ ಎಡಗಡೆ ಅಲ್ಲ ಕಣೇ, ಮಣ್ಣಿನ ಎಡಗಡೆ.”

“ಮಣ್ಣಿಗೂ ಎಡ ಬಲ ಇದೆಯಾ?”

“ನಿನ್ನ ಹೊಲಿಗೆ ಮಿಷನ್ನಿಗೆ ಇರಲಿಲ್ವಾ? ಹಾಗೇ ಇದಕ್ಕೂ.”

ಮಾಲೆಫಾ ನಕ್ಕಳು. ಮದುವೆಗೆ ಮೊದಲು ಅವಳು ಮಸೇರು ಪಟ್ಟಣದ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಜೀನ್ಸ್ ಪ್ಯಾಂಟುಗಳ ಕಾಲಂಚು ಹೊಲಿಯುತ್ತಿದ್ದವಳು. ಮಣ್ಣಿಗೆ ಕೈಹಾಕಿದ್ದು ಈ ಮನೆಗೆ ಬಂದ ಮೇಲೆ, ಅದೂ ಈ ಚಳಿಗಾಲದಲ್ಲಿ. ಗಂಡ ಲೆಬೆಕೊ ಗಡಿಯಾಚೆಯ ತೋಟಗಳಿಗೆ ಕೂಲಿಗೆ ಹೋಗಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

ಹರವಿ ಮಾಡುವುದರಲ್ಲಿ ಮಾಥಾಕಾನೆಯ ಕೈ ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಿದ್ದದ್ದೇ. ಆದರೆ ಸುಗ್ಗಿ ಮುಗಿದ ಹೊಸದರಲ್ಲಿ ಗಂಡ ಮೊಖೆಥಿ ಕೆಮ್ಮಿ ಕೆಮ್ಮಿ ತೀರಿಹೋದ. ಅಂದಿನಿಂದ ಅವಳು ಕಪ್ಪು ಉಟ್ಟವಳು. ಕ್ರಿಸ್‌ಮಸ್ ಹೊತ್ತಿಗೆ ಕಪ್ಪು ಬಿಚ್ಚುವವರೆಗೆ ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು, ಯಾರ ಕೈಯನ್ನೂ ಕುಲುಕಬಾರದು, ದನಿ ಎತ್ತಿ ನಗಬಾರದು. ಅವೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಅವಳಿಗೆ ತಡೆಯಲಾಗದ್ದು ಇನ್ನೊಂದು: ಗಂಡ ಸತ್ತವಳು ಜೇಡಿಮಣ್ಣು ಮುಟ್ಟುವಂತಿಲ್ಲ. ಗುಣಿಗೆ ಮಣ್ಣು ಹಾಕಿದ ಕೈ ಇನ್ನೂ ಆರಿಲ್ಲ. ಆ ಕೈಯಲ್ಲಿ ಬೇರೆ ಮಣ್ಣು ಕಲಸಿದರೆ, ಯಾರೋ ತನ್ನನ್ನು ಮತ್ತೆ ಅಗೆಯುತ್ತಿದ್ದಾರೆಂದು ಸತ್ತವನು ಎದ್ದು ಕೂರುತ್ತಾನೆ. ಹಿರಿಯರು ಹೇಳುತ್ತ ಬಂದದ್ದು ಹೀಗೆ. ಮಾಥಾಕಾನೆಯೂ ಎಷ್ಟೋ ವಿಧವೆಯರಿಗೆ ಇದನ್ನೇ ಹೇಳಿ ಕೈ ಕಟ್ಟಿಸಿ ಕೂರಿಸಿದ್ದವಳು.

ಈಗ ತನ್ನ ಕೈಗಳನ್ನೇ ಕೂರಿಸಲಾಗುತ್ತಿರಲಿಲ್ಲ. ಕಂಬಳಿಯೊಳಗೆ ಬೆರಳುಗಳು ತಮ್ಮಷ್ಟಕ್ಕೆ ತಾವೇ ಏನನ್ನೋ ಹೊಸೆಯುತ್ತಿದ್ದವು. ಒಲೆಯ ಮೇಲಿನ ಮೆಕ್ಕೆಜೋಳದ ಮುದ್ದೆಯನ್ನು ಬೇಡಬೇಡವೆಂದರೂ ತಿರುವುತ್ತಲೇ ಇರುತ್ತಿದ್ದಳು. ರೊಟ್ಟಿಗೆ ಹಿಟ್ಟು ನಾದಲು ಕೂತರೆ ಹಿಟ್ಟಿಗೆ ಹರವಿಯ ಹೆಗಲು ಬರುತ್ತಿತ್ತು, ಕುತ್ತಿಗೆ ಬರುತ್ತಿತ್ತು. ಹೋದ ಭಾನುವಾರ ಪಾದ್ರಿಗಳು ಬಂದಾಗ ತಟ್ಟೆಯಲ್ಲಿಟ್ಟ ರೊಟ್ಟಿಯನ್ನು ನೋಡಿ ಮಾಲೆಫಾ ಕಂಬಳಿಯ ಅಂಚಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದ್ದಳು.

ಹೊತ್ತೇರುವಾಗ ಗಾಳಿಯನ್ನು ಬೈದುಕೊಳ್ಳುತ್ತ ಪುಲೆಂಗ್ ಬಂದಳು. ಮೊಖೆಥಿಯ ತಂಗಿ. ಹಳ್ಳದಾಚೆಯ ಊರಿಗೆ ಕೊಟ್ಟ ಹೆಣ್ಣು. ಮೈಕೈ ತುಂಬಿದವಳು, ದನಿಯೂ ಹಾಗೆಯೇ.

“ಅತ್ತಿಗೇ, ಕೈ ಒಳಗಿದೆಯಾ?”

“ಒಳಗೇ ಇದೆ ತಾಯಿ. ನೀನು ಕಾವಲಿರುವಾಗ ಇನ್ನೆಲ್ಲಿಗೆ ಹೋಗುತ್ತೆ?”

“ನಮ್ಮಣ್ಣನ ಮೇಲಿನ ಮಣ್ಣು ಆರೋ ತನಕ ಅಲ್ಲೇ ಇರಲಿ.” ಪುಲೆಂಗ್ ತಡಿಕೆಗೆ ಒರಗಿ ಕೂತು, ಮಾಲೆಫಾ ತಂದುಕೊಟ್ಟ ಹುಳಿ ಅಂಬಲಿಯನ್ನು ಒಂದೇ ಉಸಿರಿಗೆ ಕುಡಿದಳು. “ಸರಿ. ನನ್ನ ಹರವಿ ಎಲ್ಲಿ?”

“ಕೈ ಒಳಗೆ ಇರಬೇಕು, ಹರವಿ ಹೊರಗೆ ಬರಬೇಕು. ಅದು ಹೆಂಗೆ ಅಂತ ನೀನೇ ಹೇಳಿಬಿಡು.”

“ಅದು ನಿನ್ನ ತಾಪತ್ರಯ. ಜೋಳ ತಿಂದಿಲ್ವಾ?”

“ತಿಂದವರಲ್ಲಿ ನೀನೂ ಒಬ್ಬಳು. ಎರಡೆರಡು ಸಲ ಬಡಿಸಿಕೊಂಡೆ. ನಾನೇ ನೋಡಿದೀನಿ.”

“ಅಳೋದಕ್ಕೆ ಶಕ್ತಿ ಬೇಡ್ವಾ?” ಎಂದಳು ಪುಲೆಂಗ್.

ಹರವಿಯ ಬೆಲೆ ಅದು ಹಿಡಿಯುವಷ್ಟು ಜೋಳ. ಅಲ್ಲಿಯ ಲೆಕ್ಕ ಅದು. ಮಗಳು ದಿಂಫೊಳ ಮದುವೆಗೆ ಹೆಂಡದ ಹರವಿ ಬೇಕೆಂದು ಪುಲೆಂಗ್ ಸುಗ್ಗಿಯಲ್ಲಿಯೇ ಹಳೆಯ ಹರವಿಯಲ್ಲಿ ಅಳೆದು ಜೋಳ ಕೊಟ್ಟಿದ್ದಳು. ಅದಾದ ಕೆಲವೇ ದಿನಕ್ಕೆ ಮೊಖೆಥಿ ತೀರಿಕೊಂಡ. ಜೋಳವೆಲ್ಲ ಮಣ್ಣಿಗೆ ಬಂದವರ ಹೊಟ್ಟೆ ಸೇರಿತು. ಈಗ ಬರುವ ಶನಿವಾರ ಗಂಡಿನವರು ಹೆಣ್ಣಿಗೆ ತೆರವಾಗಿ ಕೊಡುವ ದನ ಹೊಡೆದುಕೊಂಡು ಬರುವವರಿದ್ದರು.

“ಕಪ್ಪು ಬಿಚ್ಚೋ ದಿನ ಹಿರಿಯರೆಲ್ಲ ಸೇರಿರ್ತಾರೆ,” ಎಂದಳು ಪುಲೆಂಗ್. “ಈ ಮನೆ ಯಾರಿಗೆ ಏನು ಬಾಕಿ ಅಂತ ಅವತ್ತು ಕೇಳ್ತಾರೆ. ನಾನು ಎದ್ದು ನಿಂತು, ನನ್ನ ಅತ್ತಿಗೆ ನನಗೆ ಹರವಿ ಬಾಕಿ ಇಟ್ಟವಳೆ ಅಂತ ಹೇಳಬೇಕಾ? ನಿನಗೇನು, ಬಾಯಿ ಮುಚ್ಚಿ ಕೂತಿರ್ತೀಯ. ನಾಚಿಕೆ ನನಗೆ.”

ಮಾಥಾಕಾನೆಯ ಮುಖ ಕಪ್ಪಿಟ್ಟಿತು. ಈ ಕೈಯಿಂದ ಹೋದ ಹರವಿಗಳಲ್ಲಿ ಬಾಕಿ ಎಂದು ಉಳಿದದ್ದು ಒಂದೂ ಇರಲಿಲ್ಲ.

“ಸೊಸೆ ಮಾಡ್ತಾಳೆ. ಅವಳ ಸೂತಕದ ತೋಳುಪಟ್ಟಿ ಎಂದೋ ಬಿಚ್ಚಾಯ್ತು. ನೋಡು, ಮಣ್ಣು ಹದ ಮಾಡ್ತಾ ಇದಾಳೆ.”

“ಮಾಡ್ಲಿ. ಸುಡೋವಾಗ ನಿಲ್ಲುತ್ತೋ ಬಿಡುತ್ತೋ ಅದು ದೇವರಿಗೆ. ಆದ್ರೆ ಹೂವು ಮಾತ್ರ ನಮ್ಮಮ್ಮನ ಹೂವೇ ಆಗಿರಬೇಕು. ಬೋಳು ಬಕೆಟ್ಟು ಪೇಟೇಲೂ ಸಿಗುತ್ತೆ, ಪ್ಲಾಸ್ಟಿಕ್ಕಿಂದು, ಮುಚ್ಚಳ ಸಮೇತ.”

ಅವಳು ಎದ್ದು ಕಂಬಳಿ ಕೊಡವಿಕೊಂಡು ಹೊರಟಳು. ಹೋಗುವಾಗ ಮಾಲೆಫಾಳ ಮಣ್ಣಿನ ಮುದ್ದೆಯ ಮೇಲೆ ಬೆರಳೂರಿ, ಮೂಡಿದ ಕುಳಿಯನ್ನು ನೋಡಿ, ಬೆರಳನ್ನು ಕಂಬಳಿಗೆ ಒರೆಸಿಕೊಂಡಳು.

ಆ ಹೂವು ಕುಂಬಳದ ಹೂವು. ಹರವಿಯ ಹೆಗಲಿನ ಸುತ್ತ ಒಂದು ಬಳ್ಳಿ, ಬಳ್ಳಿಯಲ್ಲಿ ಐದೈದು ಎಸಳಿನ ಹೂವುಗಳು. ಮೊಖೆಥಿಯ ತಾಯಿಯ ಕೈಯಲ್ಲಿ ಹುಟ್ಟಿದ್ದು. ಮನೆಯ ಹೂವು ಮಗಳಿಗೆ ಹೋಗುವಂತಿಲ್ಲ; ಮಗಳು ಬೇರೆ ಮನೆಗೆ ಹೋಗುವವಳು. ಸೊಸೆಗೆ ಕೊಡಬೇಕು. ಪುಲೆಂಗ್ ಹುಡುಗಿಯಾಗಿದ್ದಾಗ ತಾಯಿಯ ಪಕ್ಕದಲ್ಲಿ ಕೂತು ಮಣ್ಣು ಚಿವುಟುತ್ತಿದ್ದವಳು. ಹೊಸ ಸೊಸೆ ಮನೆಗೆ ಬಂದ ಮೇಲೆ ಅವಳನ್ನು ಎಬ್ಬಿಸಿ ಆ ಜಾಗದಲ್ಲಿ ಮಾಥಾಕಾನೆಯನ್ನು ಕೂರಿಸಿದರು. ಇದನ್ನು ಇಬ್ಬರೂ ಮರೆತಿರಲಿಲ್ಲ. ಅದರ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಮೊದಲ ಹರವಿ ಹೆಗಲು ತಿರುಗುವಲ್ಲಿ ಕುಸಿದು ಕೂತಿತು. ಮಾಲೆಫಾ ಅಳುಮುಖ ಮಾಡಿದಳು. “ಅದು ಕೂತಿದ್ದೇ ಒಳ್ಳೇದು, ಹೆಂಡ ತುಂಬಿದ ಮೇಲೆ ಕೂತಿದ್ರೆ?” ಎಂದು ಮಾಥಾಕಾನೆ ಅದನ್ನೇ ನೆನೆಸಿ ಮತ್ತೆ ನಾದಿಸಿದಳು. ಎರಡನೆಯದು ನಿಂತಿತು. ಹಾವಿನಂಥ ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಕೂರಿಸಿ, ಸಂದು ಕಾಣದಂತೆ ಒಳಗೂ ಹೊರಗೂ ಉಜ್ಜಿ, ಹಳ್ಳದ ನುಣುಪುಗಲ್ಲಿನಿಂದ ತಿಕ್ಕಿದ ಮೇಲೆ, ಒಂದು ಮಗ್ಗುಲು ಕೊಂಚ ಉಬ್ಬಿದ್ದರೂ ಅದು ಹರವಿಯೇ ಎಂದು ಯಾರಾದರೂ ಹೇಳಬಹುದಾಗಿತ್ತು. ರಾತ್ರಿಯಿಡೀ ಒದ್ದೆ ಗೋಣಿ ಹೊದಿಸಿಟ್ಟರು.

ಬೆಳಿಗ್ಗೆ ಹೂವಿನ ಸರದಿ. ಅಲ್ಲಿ ಎಲ್ಲವೂ ನಿಂತುಹೋಯಿತು.

“ಹೆಬ್ಬೆರಳು ಒತ್ತು. ಒತ್ತಿ ಮೇಲಕ್ಕೆ ಎಳಿ. ಎಳೀತಾ ಕೈ ಹಗುರ ಮಾಡು.”

ಮಾಲೆಫಾ ಒತ್ತಿದಳು. ಎಳೆದಳು.

“ಅದು ಹೂವಲ್ಲ, ಚಮಚ.”

ಉಜ್ಜಿ ಮತ್ತೆ ಒತ್ತಿದಳು.

“ಇದು ಹಸುವಿನ ಕಿವಿ.”

“ಅತ್ತೆ, ಎಷ್ಟು ಹಗುರ ಅಂತ ಹೇಳಿ. ಇಷ್ಟಾ, ಇಷ್ಟಾ?”

“ಎಷ್ಟು ಅಂದ್ರೆ...” ಮಾಥಾಕಾನೆಯ ಕೈ ಕಂಬಳಿಯಿಂದ ಹೊರಬಂದು ಗಾಳಿಯಲ್ಲಿ ಒತ್ತಿತು, ಎಳೆಯಿತು. ಗಾಳಿಯಲ್ಲಿ ಏನೂ ಮೂಡಲಿಲ್ಲ. “ನಿದ್ದೆ ಮಾಡೋ ಮಗೂನ ಕಣ್ಣಿಂದ ಪಿಸುರು ತೆಗೀತೀವಲ್ಲ, ಅಷ್ಟು.”

“ನನಗಿನ್ನೂ ಮಗುವೇ ಆಗಿಲ್ಲ,” ಎಂದಳು ಮಾಲೆಫಾ.

ಮಾಥಾಕಾನೆ ಎದ್ದು ಅಂಗಳದ ಆ ತುದಿಗೆ ಹೋದಳು, ಮರಳಿ ಬಂದಳು, ಹೊಸ್ತಿಲ ಮೇಲೆ ಕೂತಳು, ಮತ್ತೆ ಎದ್ದಳು. ಗಾಳಿ ಹರವಿಯ ಹೆಗಲನ್ನು ಕಣ್ಣೆದುರಿಗೇ ಆರಿಸುತ್ತಿತ್ತು. ಮಣ್ಣಿನ ಬಣ್ಣ ಕಂಠದಿಂದ ಕೆಳಕ್ಕೆ ಬಿಳಿಚಿಕೊಳ್ಳುತ್ತ ಬರುತ್ತಿತ್ತು. ಪೂರ್ತಿ ಆರಿದರೆ ಬೆರಳು ಇಳಿಯುವುದಿಲ್ಲ. ಬಲವಂತಕ್ಕೆ ಒತ್ತಿದರೆ ಸೀಳುತ್ತದೆ. ಶನಿವಾರದೊಳಗೆ ಇನ್ನೊಂದು ಮಾಡಿ, ಆರಿಸಿ, ಸುಡುವಷ್ಟು ಸಮಯವಿಲ್ಲ.

ಮಾಲೆಫಾ ಬಕೆಟ್ಟಿನೊಳಗೆ ನೋಡಿದಳು. “ನೀರು ತಳ ಕಂಡಿದೆ. ಒಂದು ಬಕೆಟ್ಟು ತಂದುಬಿಡ್ತೀನಿ. ಗೋಣಿ ಮುಚ್ಚಿರ್ತೀನಿ.” ಗೋಣಿಯನ್ನು ಹೊದಿಸಿ, ಬಕೆಟ್ಟು ತಲೆಯ ಮೇಲಿಟ್ಟುಕೊಂಡು, ನಲ್ಲಿಯ ಕಡೆ ಇಳಿದುಹೋದಳು.

ಅವಳು ತಿರುವಿನಲ್ಲಿ ಮರೆಯಾದದ್ದೇ ತಡ, ಗಾಳಿ ಗೋಣಿಯನ್ನು ಎತ್ತಿ ತಡಿಕೆಗೆ ಬಡಿಯಿತು. ಮಾಥಾಕಾನೆ ಓಡಿಹೋಗಿ ಹಿಡಿದಳು. ಗೋಣಿ ಮುಟ್ಟಬಹುದು, ಗೋಣಿ ಮಣ್ಣಲ್ಲ. ಹೊದಿಸಲು ಬಗ್ಗಿದಳು. ಕಣ್ಣ ಮುಂದೆ ಹರವಿಯ ಹೆಗಲು. ಮೇಲೆ ಸೊಸೆಯ ಹೆಬ್ಬೆರಳಿನ ಚಪ್ಪಟೆ ಎಸಳುಗಳು, ಕೊನೆಯ ಹೂವಿನಲ್ಲಿ ಒಂದು ಎಸಳಿನ ಜಾಗ ಖಾಲಿ. ನಾಲ್ಕೇ ಎಸಳು. ಕುಂಬಳದ ಹೂವಿಗೆ ನಾಲ್ಕು ಎಸಳಿರುವುದನ್ನು ಯಾರು ಕಂಡಿದ್ದಾರೆ?

ಹಳ್ಳದ ಕಡೆ ನೋಡಿದಳು. ಗುಡ್ಡದ ಮೇಲಿನ ಸ್ಮಶಾನದ ಕಡೆ ನೋಡಲಿಲ್ಲ. ಹೆಬ್ಬೆರಳು ಒತ್ತಿತು, ಮೇಲಕ್ಕೆ ಎಳೆಯಿತು, ಎಳೆಯುತ್ತ ಹಗುರಾಯಿತು.

ಎಸಳು ಮೂಡಿತು. ಅಂಚು ಬಿಸಿಲಿಗೆ ಬಾಡಿದಂತೆ ಸ್ವಲ್ಪವೇ ಹೊರಕ್ಕೆ ಮಡಚಿಕೊಂಡಿತ್ತು. ಅಷ್ಟು ಹೊತ್ತು ಅವಳ ಮೈಯಲ್ಲಿ ಓಡಾಡುತ್ತಿದ್ದ ಏನೋ ಒಂದು ಬಂದು ಕೂತಂತಾಯಿತು. ಆ ನೆಮ್ಮದಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಮುಗಿಯಿತು. ಎಸಳಿನ ನಡುವೆ ಬುಡದಿಂದ ತುದಿಯವರೆಗೆ ಒಂದು ಸಣ್ಣ ನರ ಎದ್ದು ನಿಂತಿತ್ತು. ಹುಡುಗಿಯಾಗಿದ್ದಾಗ ಜೋಳ ಕೊಯ್ಯುತ್ತ ಕುಡುಗೋಲು ಸೀಳಿದ ಗಾಯ ಹೆಬ್ಬೆರಳಿನಲ್ಲಿ ಹಳ್ಳವಾಗಿ ಉಳಿದಿತ್ತು. ಬೆರಳಿನ ಹಳ್ಳ ಮಣ್ಣಿನಲ್ಲಿ ದಿಣ್ಣೆ. ಮೊಖೆಥಿಯ ತಾಯಿ ಎಸಳಿನ ಮೇಲೆ ಮಣ್ಣಿನ ಎಳೆ ಅಂಟಿಸಿ ನರ ಮಾಡುತ್ತಿದ್ದಳು. ಸೊಸೆಯಾಗಿ ಬಂದ ಮಾಥಾಕಾನೆಯ ಹೆಬ್ಬೆರಳು ನೋಡಿ, “ನಿನಗೆ ಹುಟ್ಟಿಸಿದವನೇ ನರ ಇಟ್ಟು ಕಳಿಸಿದಾನೆ,” ಎಂದಿದ್ದಳು. ಆ ನರ ನೋಡಿದರೆ ಸಾಕು, ಇದು ಮಾಥಾಕಾನೆಯ ಹರವಿ ಎಂದು ಹಾ ಸೆಕೋಟಿಯಲ್ಲಿ ಕುರಿ ಕಾಯುವವರೂ ಹೇಳುತ್ತಿದ್ದರು. ಪುಲೆಂಗ್ ಹೇಳದೆ ಇರುತ್ತಾಳೆಯೇ?

ಉಜ್ಜಿಬಿಡಬೇಕು. ಒಂದು ಸಲ ಅಂಗೈ ಆಡಿಸಿದರೆ ಮುಗಿಯಿತು. ಆದರೆ ಉಜ್ಜುವುದೂ ಮುಟ್ಟಿದಂತೆಯೇ. ಅವಳು ತನಗೆ ತಾನೇ ಹೇಳಿಕೊಂಡ ನೆಪ ಅದು. ನಿಜವಾಗಿ, ಆ ಎಸಳಿನ ಮೇಲೆ ಕೈ ಆಡಿಸಲು ಮನಸ್ಸೇ ಬರಲಿಲ್ಲ. ಗೋಣಿ ಹೊದಿಸಿ, ಹೊಸ್ತಿಲಿಗೆ ಬಂದು ಕೂತು, ಹೆಬ್ಬೆರಳನ್ನು ಬಾಯಲ್ಲಿಟ್ಟು ಮಣ್ಣು ಚೀಪಿ ಉಗುಳಿದಳು.

ಮಾಲೆಫಾ ಬಂದಳು. ಬಕೆಟ್ಟು ಇಳಿಸಿ ಗೋಣಿ ತೆಗೆದಳು. ಕೈ ಅಲ್ಲಿಯೇ ನಿಂತಿತು. ತುಂಬ ಹೊತ್ತು ಹರವಿಯನ್ನೇ ನೋಡಿದಳು. ಆಮೇಲೆ ಅತ್ತೆಯ ಕಡೆ ನೋಡಿದಳು. ಮಾಥಾಕಾನೆ ಪೀಚ್ ಮರದ ಕಡೆ ತಿರುಗಿ, “ಈ ಗಾಳಿಗೆ ಒಂದು ಕಾಯೂ ನಿಲ್ಲೋದಿಲ್ಲ ಈ ವರ್ಷ,” ಎಂದಳು.

“ಹೌದು ಅತ್ತೆ,” ಎಂದು ಮಾಲೆಫಾ ಒಳಗೆ ಹೋದಳು.

ಅವಳ ಟಿನ್ನಿನ ಪೆಟ್ಟಿಗೆ ತೆರೆದ ಸದ್ದು ಕೇಳಿಸಿತು. ಬರುವಾಗ ಅವಳ ಕೈಯಲ್ಲಿ ಜೀನ್ಸ್ ಹೊಲಿಯುವ ದಪ್ಪ ಹಳದಿ ದಾರದ ಉಂಡೆಯೂ ಬ್ಲೇಡೂ ಇದ್ದವು. ಬಟ್ಟೆ ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುತ್ತಿದ್ದ ಹಳೆಯ ರಬ್ಬರಿನ ಟೋಪಿಯನ್ನು ಹೆಬ್ಬೆರಳಿಗೆ ತೊಟ್ಟು, ಅದರ ನಡುವೆ ಬ್ಲೇಡಿನಿಂದ ಉದ್ದಕ್ಕೆ ಒಂದು ಗೆರೆ ಕೊರೆದು, ಗೆರೆಯ ತಳದಲ್ಲಿ ದಾರ ಅದುಮಿ ಕೂರಿಸಿ, ಉಳಿದ ದಾರ ಕತ್ತರಿಸಿದಳು. ಅವಳ ಹೆಬ್ಬೆರಳಿಗೂ ಅತ್ತೆಯದರಂಥ ಒಂದು ಹಳ್ಳ ಬಂತು. ನೀರು ಚಿಮುಕಿಸಿ ಹೆಗಲನ್ನು ಮೆತ್ತಗೆ ಮಾಡಿ, ತನ್ನ ಎಸಳುಗಳನ್ನೆಲ್ಲ ಉಜ್ಜಿ ಹಾಕಿದಳು. ಒಂದನ್ನು ಮಾತ್ರ ಮುಟ್ಟಲಿಲ್ಲ. ಆ ಒಂದರ ಮೇಲೆ ಹೆಬ್ಬೆರಳನ್ನು ತಾಗಿಯೂ ತಾಗದಂತೆ ಇಟ್ಟು, ಅದರ ಜಾಡಿನಲ್ಲೇ ಬುಡದಿಂದ ತುದಿಯವರೆಗೆ ಹೋಗಿ ಬಂದಳು. ಮತ್ತೆ ಹೋಗಿ ಬಂದಳು. ಆಮೇಲೆ ಪಕ್ಕದಲ್ಲಿ ಒತ್ತಿದಳು, ಎಳೆದಳು.

ಮಾಥಾಕಾನೆ ಹೊಸ್ತಿಲಿಂದ ಬಗ್ಗಿ ನೋಡುತ್ತಿದ್ದಳು. ಎಸಳಿನ ನಡುವೆ ನರ ಎದ್ದಿತು. ಅಂಚು ಪೂರ್ತಿ ಮಡಚಲಿಲ್ಲ. ಮೂರನೆಯದಕ್ಕೆ ಮಡಚಿತು.

“ಈಗ ಚಮಚಾನಾ, ಹಸುವಿನ ಕಿವಿನಾ?” ಎಂದು ಮಾಲೆಫಾ ತಲೆ ಎತ್ತದೆ ಕೇಳಿದಳು.

“ಕೆಲಸ ಮಾಡು. ಬಾಯಿ ಬಿಟ್ರೆ ಮಣ್ಣು ಆರುತ್ತೆ.”

ಮಾಲೆಫಾ ಮುಂದಿನ ಎಸಳಿಗೆ ಹೆಬ್ಬೆರಳು ಇಟ್ಟಳು.

ಹರವಿ ನೆರಳಿನಲ್ಲಿ ಆರಿದ ಮೇಲೆ ಹಟ್ಟಿಯ ಹಿಂದಿನ ಗುಂಡಿಯಲ್ಲಿ ಸುಟ್ಟರು. ಬೆರಣಿ ಜೋಡಿಸಿ, ಹರವಿ ಬೋರಲು ಹಾಕಿ, ಮತ್ತೆ ಬೆರಣಿ ಪೇರಿಸಿ ಬೆಂಕಿ ಇಟ್ಟದ್ದು ಮಾಲೆಫಾ. ಮಾಥಾಕಾನೆ ದೂರದಲ್ಲಿ ಬಂಡೆಯ ಮೇಲೆ ಕೂತು ಹೊಗೆ ಯಾವ ಕಡೆ ತಿರುಗುತ್ತದೆಂದು ನೋಡಿದಳು. ಹೊಗೆ ಒಮ್ಮೆ ಸ್ಮಶಾನದ ಕಡೆ ವಾಲಿತು, ಒಮ್ಮೆ ತನ್ನ ಕಡೆಗೇ ಬಂದು ಕಣ್ಣುರಿಸಿತು. ಬೆರಣಿ ಚಟಪಟ ಎಂದಾಗಲೆಲ್ಲ ಅವಳು ಬಂಡೆಯಿಂದ ಅರ್ಧ ಏಳುತ್ತಿದ್ದಳು. ಈಗ ಒಡೆಯುತ್ತದೆ, ಈಗ ಒಡೆಯುತ್ತದೆ.

ಬೆಳಿಗ್ಗೆ ಬೂದಿ ಸರಿಸಿದಾಗ ಹರವಿ ಕೆಂಪಗೆ, ಒಂದು ಮಗ್ಗುಲಿಗೆ ಹೊಗೆಯ ಕಪ್ಪು ಮೋಡ ಹೊತ್ತು, ಸರಿಯಾಗಿಯೇ ಇತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯಂತೆ ಠಣ್ ಎಂದಿತು. ಮಾಲೆಫಾ ಕುಣಿದಾಡಿದಳು. ಮಾಥಾಕಾನೆಗೆ ಸಮಾಧಾನವಾಗಲಿಲ್ಲ. ಒಡೆದಿದ್ದರೆ ತಪ್ಪು ಅಲ್ಲಿಗೇ ತೀರುತ್ತಿತ್ತು. ಒಡೆಯದೆ ಉಳಿದದ್ದನ್ನು ಏನೆಂದು ತಿಳಿಯಬೇಕು? ಸತ್ತವನು ನೋಡಲಿಲ್ಲವೋ, ನೋಡಿಯೂ ಸುಮ್ಮನಾದನೋ? ಬದುಕಿದ್ದಾಗಲೂ ಅವನು ಅಷ್ಟೆ. ಒಂದು ಪ್ರಶ್ನೆಗೂ ನೇರ ಉತ್ತರ ಕೊಟ್ಟವನಲ್ಲ.

ಶುಕ್ರವಾರ ಪುಲೆಂಗ್ ಬಂದಳು. ಹರವಿಯನ್ನು ಅಂಗಳದ ನಡುವೆ ಗೋಣಿಯ ಮೇಲಿಟ್ಟಿದ್ದರು. ಅವಳು ಅದರ ಮುಂದೆ ಕೂತಳು. ಕಂಠದೊಳಗೆ ಕೈ ಹಾಕಿ ತಳ ತಡವಿದಳು. ಉಬ್ಬಿದ ಮಗ್ಗುಲಿನ ಮೇಲೆ ಅಂಗೈ ಇಟ್ಟು, “ಇದು ನನ್ನ ಹಾಗೇ ಇದೆ,” ಎಂದಳು. ಆಮೇಲೆ ಹರವಿಯನ್ನು ಮೆಲ್ಲಗೆ ತಿರುಗಿಸುತ್ತ ಹೂವುಗಳನ್ನು ನೋಡತೊಡಗಿದಳು. ಎಸಳಿಂದ ಎಸಳಿಗೆ ಅವಳ ತೋರುಬೆರಳು ಹೋಗುತ್ತಿತ್ತು. ಪ್ರತಿ ನರದ ಮೇಲೂ ದಾರದ ಹುರಿ ಉಳಿಸಿದ ಸಣ್ಣ ತಿರುಚು ಇತ್ತು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುವಂಥದ್ದು. ಒಂದು ಎಸಳಿನ ನರ ಮಾತ್ರ ನುಣುಪು.

ಬೆರಳು ಅಲ್ಲಿ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಅಲ್ಲಿಗೇ ಬಂದಿತು.

ಗಾಳಿ ತಡಿಕೆಯ ಜೊಂಡುಗಳನ್ನು ಒಂದಕ್ಕೊಂದು ಉಜ್ಜುತ್ತಿತ್ತು. ಮಾಥಾಕಾನೆ ಕಂಬಳಿಯೊಳಗೆ ಮುಷ್ಟಿ ಬಿಗಿದು, ಹೆಬ್ಬೆರಳನ್ನು ಒಳಗೆ ಅಡಗಿಸಿಕೊಂಡಿದ್ದಳು.

“ಯಾರ ಕೈದು ಇದು?” ಎಂದು ಪುಲೆಂಗ್ ಕೇಳಿದಳು.

“ಸೊಸೇದು.”

“ಪೂರ್ತಿ?”

ಮಾಲೆಫಾ ಮುಂದೆ ಬಂದಳು. “ನಂದೇ, ಚಿಕ್ಕತ್ತೆ. ನಾನೇ ಮಾಡಿದ್ದು.”

“ನಿನ್ನ ಕೇಳಲಿಲ್ಲ ಮಗಾ. ಹೋಗಿ ಅಂಬಲಿ ತಾ.” ಅವಳು ಒಳಗೆ ಹೋಗುವವರೆಗೂ ಕಾದು ಪುಲೆಂಗ್ ಅತ್ತಿಗೆಯ ಕಡೆ ತಿರುಗಿದಳು. ದನಿ ಎಂದಿನ ದನಿಯಾಗಿರಲಿಲ್ಲ. “ನಾನು ಜೋಳ ಕೊಟ್ಟಿದ್ದು ನಿನಗೆ. ನಿನ್ನ ಕೈ ಹರವಿಗೆ. ಇದು ನಿನ್ನ ಕೈದು ಅಂತ ಒಂದು ಮಾತು ಹೇಳು, ಈಗಲೇ ಲೆಕ್ಕ ಚುಕ್ತಾ. ಕಪ್ಪು ಬಿಚ್ಚೋ ದಿನ ನಾನು ಬಾಯೇ ಬಿಡೋದಿಲ್ಲ.”

ಒಂದು ಮಾತು. ಹೇಳಿದರೆ ಸಾಲ ತೀರುತ್ತದೆ. ಹೇಳಿದರೆ, ಅಣ್ಣನ ಮೇಲಿನ ಮಣ್ಣು ಆರುವ ಮೊದಲೇ ಅತ್ತಿಗೆ ಮಣ್ಣು ಮುಟ್ಟಿದಳೆಂದು ತಂಗಿಯ ಎದುರಿಗೇ ಒಪ್ಪಿಕೊಂಡಂತೆ. ಅದೂ ಅಲ್ಲದೆ, ಮೂರನೆಯ ಎಸಳಿಗೆ ಅಂಚು ಮಡಚಿದವಳು ಒಳಗೆ ಅಂಬಲಿ ಬಗ್ಗಿಸುತ್ತಿದ್ದಳು. ಈ ಹರವಿ ಅವಳದ್ದಲ್ಲ ಎನ್ನಲು ಮಾಥಾಕಾನೆಗೆ ನಾಲಿಗೆ ಏಳಲಿಲ್ಲ.

“ಮಾಲೆಫಾದು,” ಎಂದಳು.

ಪುಲೆಂಗ್ ತಲೆಯಾಡಿಸಿದಳು. ಬೆರಳು ಇನ್ನೊಮ್ಮೆ ಆ ನುಣುಪು ನರದ ಮೇಲೆ ಹೋಗಿ ಬಂದಿತು. ಕೊನೆಗೆ ಮೊದಲಿನ ದನಿ ಮರಳಿತು.

“ಹಂಗಾದ್ರೆ ಇದು ಅವಳ ಮೊದಲನೇ ಹರವಿ. ಮೊದಲನೇದು ಮಾರೋ ಹಂಗಿಲ್ಲ, ಸಾಲಕ್ಕೆ ಕೊಡೋ ಹಂಗೂ ಇಲ್ಲ. ಮನೆಯಿಂದ ಹೊರಗೆ ಹೋದ ಹೆಣ್ಣುಮಗಳಿಗೆ ಸುಮ್ಮನೆ ಕೊಡಬೇಕು. ಇದನ್ನ ನಮ್ಮಮ್ಮನೇ ಹೇಳಿದ್ದು. ಹೊರಗೆ ಹೋದ ಹೆಣ್ಣುಮಗಳು ಯಾರು?”

“ನೀನೇ,” ಎಂದಳು ಮಾಥಾಕಾನೆ ಹಲ್ಲು ಕಚ್ಚಿ.

“ನಾನೇ. ತಗೊಂಡೆ. ದಿಂಫೊಗೆ ಇದರಲ್ಲೇ ಹೆಂಡ ಹಾಕ್ತೀನಿ.”

“ಮತ್ತೆ ನನ್ನ ಸಾಲ?”

“ನಿನ್ನ ಸಾಲ ನಿನ್ನ ಹತ್ರನೇ ಇದೆ. ಕಪ್ಪು ಬಿಚ್ಚಿದ ಮೇಲೆ ಮಾಡಿಕೊಡು, ಆತುರ ಇಲ್ಲ. ಹಿರಿಯರು ಕೇಳಿದ್ರೆ, ಬಾಕಿ ಇದೆ, ನನಗೂ ಅವಳಿಗೂ ಗೊತ್ತು ಅಂತೀನಿ.” ಮಾಲೆಫಾ ತಂದ ಅಂಬಲಿಯನ್ನು ಕುಡಿದು, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು, “ಎತ್ತಿಡು ಮಗಾ,” ಎಂದಳು.

ಮಾಲೆಫಾ ಎತ್ತಿಟ್ಟಳು. ಇಡುವಾಗ ಪುಲೆಂಗ್ ಹರವಿಯನ್ನು ಕೈಯಲ್ಲಿ ತಿರುಗಿಸಿ, ನುಣುಪು ನರದ ಎಸಳಿದ್ದ ಮಗ್ಗುಲು ತನ್ನ ಹಿಂದಕ್ಕೆ, ಹೊಸ್ತಿಲ ಕಡೆಗೆ ಬರುವಂತೆ ಮಾಡಿಕೊಂಡಳು. ಗಾಳಿಗೆ ಎದುರಾಗಿ, ಒಂದು ಕೈಯಿಂದ ಹರವಿ, ಒಂದು ಕೈಯಿಂದ ಲಂಗ ಹಿಡಿದುಕೊಂಡು ಹಳ್ಳದ ಕಡೆ ಇಳಿದಳು.

“ಒಂದು ಹರವಿ ಜೋಳಕ್ಕೆ ಎರಡು ಹರವಿ!” ಮಾಥಾಕಾನೆ ಹೊಸ್ತಿಲಿಂದ ಎದ್ದು ನಿಂತಿದ್ದಳು. “ನೋಡಿದೆಯಾ ಅವಳ ಲೆಕ್ಕ? ಅಣ್ಣನ ಮಣ್ಣಿಗೆ ಬಂದು ಎರಡು ಸಲ ಉಂಡಳು, ಈಗ ಎರಡು ಹರವಿ!”

“ಚಿಕ್ಕತ್ತೆಗೆ ಗೊತ್ತಾಯ್ತಾ?” ಎಂದು ಮಾಲೆಫಾ ಮೆಲ್ಲಗೆ ಕೇಳಿದಳು.

“ಗೊತ್ತಾಗೋದಕ್ಕೆ ಏನಿದೆ? ಹರವಿ ನಿಂದು.” ಅವಳು ಅಂಗಳದ ಆ ತುದಿಗೆ ಹೋಗಿ ಮರಳಿ ಬಂದಳು. “ಮಳೆ ಬೀಳೋಕೆ ಮುಂಚೆ ಹೋಗಿ ಮಣ್ಣು ಅಗೆದು ತಾ. ಮೇಲಿನದು ಬೇಡ, ಒಳಗಿನ ಕರೀದು. ತಂದು ನೆನೆಸಿ ಮುಚ್ಚಿಡು. ಕ್ರಿಸ್‌ಮಸ್ ಹೊತ್ತಿಗೆ ಚೆನ್ನಾಗಿ ಹುಳಿಬಂದು ಹದವಾಗಿರುತ್ತೆ.”

“ಎಷ್ಟು ತರಲಿ ಅತ್ತೆ?”

“ದೊಡ್ಡ ಹರವಿಗೆ ಆಗೋವಷ್ಟು.”